ಬಳ್ಳೊಳ್ಳಿಗೆ ಹೋದ ಹತ್ತು ಬೋಲ್ಟು

ನಮ್ಮ ಪಡಸಾಲೆಯ ಗೋಡೆಗೆ ಒಂದು ರಟ್ಟು ಒರಗಿಸಿಟ್ಟಿದ್ದೇನೆ. ಫ್ಯಾನು ಬಂದ ಡಬ್ಬದ ರಟ್ಟು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಆಕಾರ ನೋಡಿದವರು ಇದ್ಯಾವ ಊರಿನ ನಕಾಶೆ ಎಂದು ಕೇಳುತ್ತಾರೆ. ನಕಾಶೆಯಲ್ಲ, ಫಟಫಟಿಯ ಇಂಜಿನ್ನು. ಹಳೆಯ ಮೋಟಾರು ಸೈಕಲ್ಲಿಗೆ ಬೀದರ ಕಡೆ ನಾವು ಈಗಲೂ ಫಟಫಟಿ ಎನ್ನುತ್ತೇವೆ. ಇವರು, ಅಂದರೆ ನನ್ನ ಗಂಡ, ಇಂಜಿನ್ನು ಬಿಚ್ಚುವ ಮೊದಲು ಅದರ ಅಂಚನ್ನು ರಟ್ಟಿನ ಮೇಲೆ ಬರೆದುಕೊಂಡು, ಯಾವ ಬೋಲ್ಟು ಎಲ್ಲಿಯದೋ ಅಲ್ಲೊಂದು ತೂತು ಹೊಡೆದು, ಬಿಚ್ಚಿದ್ದನ್ನು ಬಿಚ್ಚಿದ ಹಾಗೆ ಆ ತೂತಿಗೆ ಚುಚ್ಚಿಡುತ್ತಿದ್ದರು. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಒಂದು ಉದ್ದ ಇರುತ್ತದೆ, ಒಂದು ಗಿಡ್ಡ ಇರುತ್ತದೆ. ಒಟ್ಟು ಹದಿನಾಲ್ಕು ತೂತು.

ಆ ಹದಿನಾಲ್ಕರಲ್ಲಿ ಹತ್ತು ಬೋಲ್ಟನ್ನು ನಾನು ಬಳ್ಳೊಳ್ಳಿಗೆ ಕೊಟ್ಟೆ. ಹೌದು, ಒಗ್ಗರಣೆಗೆ ಹಾಕುವ ಬೆಳ್ಳುಳ್ಳಿಗೇ. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ, ಹೇಳಿ ಹಗುರಾಗುವ ಆಸೆಯೂ ಈಗ ಉಳಿದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಬಳ್ಳೊಳ್ಳಿಗೆ ಹೋಯಿತು.

ಇವರು ಔರಾದಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಾನು ಚಿಂತಾಕಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಮದುವೆಗೆ ಒಂದು ವರ್ಷ ಮೊದಲು ಇವರು ಭಾಲ್ಕಿಯಲ್ಲಿ ಆ ಫಟಫಟಿಯನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಬೆಳಗಾದರೆ ನನ್ನನ್ನು ಹಿಂದೆ ಕೂರಿಸಿಕೊಂಡು ಚಿಂತಾಕಿಗೆ ಬಿಟ್ಟು, ತಿರುಗಿ ಔರಾದಿಗೆ ಓಡಿ, ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಶಾಲೆ ಮುಟ್ಟುತ್ತಿದ್ದರು. ನನ್ನ ತೊಡೆಯ ಮೇಲೆ ಔಷಧದ ಚೀಲ, ಚೀಲದ ಮೇಲೆ ಬಿ.ಪಿ. ಮಷೀನು. ಹೊಲದಲ್ಲಿ ತೊಗರಿ ಕಡಿಯುವ ಹೆಂಗಸರು ದೂರದಿಂದಲೇ ಸದ್ದು ಕೇಳಿ, ‘ಬಾಯಿ ಬಂದ್ರು, ಬಾಯಿ ಬಂದ್ರು’ ಎಂದು ಒಬ್ಬರಿಗೊಬ್ಬರು ಕೂಗುತ್ತಿದ್ದರು. ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ನಮ್ಮ ಕಡೆ ಬಾಯಿ ಎಂದು. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟಾದರೂ ಆ ಗಾಡಿಯ ಸದ್ದು ಬಂದ ಮೇಲೆಯೇ ಹುಟ್ಟಿದವು. ನಮಗೆ ಮಾತ್ರ ಮಕ್ಕಳಾಗಲಿಲ್ಲ.

ಇಬ್ಬರೂ ನಿವೃತ್ತರಾಗಿ ಬೀದರಿಗೆ ಬಂದೆವು. ಎಷ್ಟೋ ವರ್ಷ ಸುಮ್ಮನೆ ನಿಂತಿದ್ದ ಫಟಫಟಿಯನ್ನು ಇವರು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಪಡಸಾಲೆಯಲ್ಲೇ ಬಿಚ್ಚಿದರು. ಮನೆಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲ. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯ ಮೇಲೇ. ‘ಮನಿ ಅದೋ ಗ್ಯಾರೇಜ್ ಅದೋ?’ ಎಂದು ದಿನಾ ಕೂಗುತ್ತಿದ್ದೆ. ಇವರು ಕನ್ನಡಕದ ಮೇಲಿಂದ ನೋಡಿ, ‘ಒಂದು, ನಾ ಇಲ್ಲಿ ಇದ್ದೀನಿ. ಎರಡು, ಫಟಫಟಿ ಇಲ್ಲಿ ಅದ. ಆದ್ದರಿಂದ ಇದು ಮನಿ’ ಎನ್ನುತ್ತಿದ್ದರು. ಇವರ ಮಾತೇ ಹಾಗೆ, ಪ್ರಮೇಯ ಬಿಡಿಸಿದ ಹಾಗೆ. ಹಾಲಿನವನ ಚೀಟಿಯನ್ನೂ ಕೆಂಪು ಪೆನ್ನು ಹಿಡಿದು ತಿದ್ದುವ ಮನುಷ್ಯ.

ಒಳಗಿನ ಕೆಲಸವೆಲ್ಲ ಮುಗಿದಿತ್ತು. ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸತು. ಇಂಜಿನ್ನಿನ ಹೋಳುಗಳನ್ನು ಕೂಡಿಸಿ ಬೋಲ್ಟು ಬಿಗಿಯುವುದಷ್ಟೇ ಬಾಕಿ. ತುಕ್ಕು ಹಿಡಿದಿದ್ದ ಹತ್ತು ಬೋಲ್ಟನ್ನು ರಟ್ಟಿನಿಂದ ತೆಗೆದು, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಡೀಸೆಲ್ ಹಾಕಿ ನೆನೆಸಿದ್ದರು. ಅದು ದೀಪಾವಳಿಯ ಮುಂಚಿನ ವಾರ. ನಾವು ಇನ್ನೂ ಬದುಕಿದ್ದೇವೆ ಎಂದು ಪಿಂಚಣಿದಾರರು ಬ್ಯಾಂಕಿಗೆ ಬರೆದುಕೊಡುವ ಕಾಗದ ಕೊಡಲು ಇವರು ಅವತ್ತು ಔರಾದಿಗೆ ಹೋಗಿದ್ದರು.

ನಾನು ಮನೆ ತೊಳೆಯುತ್ತಿದ್ದೆ. ಪಡಸಾಲೆ ಒರೆಸಿ ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಕಾಲು ತಾಗಿ ಡಬ್ಬಿ ಉರುಳಿತು. ಕರೀ ಡೀಸೆಲ್ಲು ಹೊಸ್ತಿಲ ತನಕ ಹರಿಯಿತು. ಅದೇ ಹೊತ್ತಿಗೆ ಓಣಿಯಲ್ಲಿ, ‘ಹಳೀ ಲೋಖಂಡಕ್ಕ ಬಳ್ಳೊಳ್ಳಿ! ಲೋಖಂಡ ತರ್ರಿ, ಬಳ್ಳೊಳ್ಳಿ ಒಯ್ರಿ!’ ಎಂಬ ಕೂಗು. ನಮ್ಮ ಕಡೆ ಹಳೆಯ ಕಬ್ಬಿಣಕ್ಕೆ ಬದಲಾಗಿ ಉಳ್ಳಾಗಡ್ಡಿಯೋ ಬಳ್ಳೊಳ್ಳಿಯೋ ಕೊಟ್ಟು ಹೋಗುವವರು ಹಬ್ಬದ ಮುಂದೆ ಬಂದೇ ಬರುತ್ತಾರೆ. ತೂತು ಬಿದ್ದ ಹಂಚು, ಮುರಿದ ಒಲೆಯ ಕಾಲು, ಅವುಗಳ ಜೊತೆ ಸಿಟ್ಟಿನಲ್ಲಿ ಆ ಡಬ್ಬಿಯನ್ನೂ ತಕ್ಕಡಿಗೆ ಸುರಿದೆ. ‘ಅಕ್ಕಾ, ಇವು ಬೋಲ್ಟ್ ಅವಲ್ರಿ’ ಎಂದ ಅವನು. ‘ನಂಗೇನು ಕಣ್ಣಿಲ್ಲೇನು? ತೂಗು’ ಎಂದೆ. ಅವನಾದರೂ ಒಂದು ಮಾತು ಕೇಳಿದ. ಅವನು ಕೊಟ್ಟ ಬಳ್ಳೊಳ್ಳಿ ಗೊಂಚಲು ತಂದು ಅಡುಗೆಮನೆಯ ಮೊಳೆಗೆ ಹಾಕಿದೆ.

ಸಂಜೆ ಇವರು ಬಂದಾಗ ಅದೇ ಬಳ್ಳೊಳ್ಳಿ ಕುಟ್ಟಿ ಖಾರ ಮಾಡಿದ್ದೆ. ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದರು. ‘ಖಾರ ಭಾಳ ಛಲೋ ಆಗ್ಯಾದ’ ಎಂದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮೂರನೆಯ ದಿನ ಡಬ್ಬಿ ಹುಡುಕಿದರು. ಮಂಚದ ಕೆಳಗೆ, ಅಟ್ಟದ ಮೇಲೆ, ಬಚ್ಚಲಿನ ಗೂಡಿನಲ್ಲಿ. ಆಮೇಲೆ ಬಂದು ಕೇಳಿದರು:

‘ನಾ ಬೋಲ್ಟಿನ ಡಬ್ಬಿ ಎಲ್ಲಿ ಇಟ್ಟೀನಿ? ನೀ ನೋಡಿಯೇನು?’

‘ನಿಮ್ಮ ಸಾಮಾನು ನೀವು ಎಲ್ಲಿ ಇಡ್ತೀರೋ ನಂಗೇನು ಗೊತ್ತರಿ? ನಾ ನೋಡಿಲ್ಲ.’

ಅಷ್ಟೇ. ಹಬ್ಬದ ದಿನ ಜಗಳ ಬೇಡ ಎಂದುಕೊಂಡೆ. ಬೋಲ್ಟು ಅಂದರೆ ಬೋಲ್ಟು, ಪೇಟೆಗೆ ಹೋಗಿ ಹತ್ತು ತಂದು ಇಟ್ಟರಾಯಿತು, ನಕ್ಕು ಹೇಳಿದರಾಯಿತು ಎಂದುಕೊಂಡೆ. ಹಬ್ಬ ಮುಗಿಯಿತು, ಪಾಡ್ಯ ಮುಗಿಯಿತು, ನಾನು ಪೇಟೆಗೆ ಹೋಗಲಿಲ್ಲ, ಹೇಳಲೂ ಇಲ್ಲ.

ಅಷ್ಟರಲ್ಲಿ ಇವರು ಬೇರೆಯೇ ಆದರು. ಹಳೆಯ ಉತ್ತರ ಪತ್ರಿಕೆಗಳ ಖಾಲಿ ಅರ್ಧ ಹರಿದು ಚೀಟಿ ಬರೆಯತೊಡಗಿದರು. ‘ಗುಳಿಗೆ ತಗೊಂಡೆ.’ ‘ಗ್ಯಾಸ್ ಬಂದ್ ಮಾಡಿದೆ.’ ‘ಚಹಾ ಆಯಿತು.’ ಬರೆದ ಚೀಟಿ ಅಂಗಿಯ ಜೇಬಿಗೆ. ಒಂದು ದಿನ ಮನೆಯ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟು, ‘ಇದು ಇನ್ನ ನಿನ್ನ ಬಲ್ಲಿ ಇರ್ಲಿ. ನನ್ನ ತಲಿ ಮೊದಲಿನ ಹಾಂಗ ಇಲ್ಲ’ ಎಂದರು. ಅದು ಯಾಕೆ ಎಂದು ನನಗೆ ಗೊತ್ತಿತ್ತು. ಇವರು ಮರೆವಿನ ಮನುಷ್ಯರಲ್ಲ, ಮೂವತ್ತು ವರ್ಷದ ಹಿಂದಿನ ವಿದ್ಯಾರ್ಥಿಯ ರೋಲ್ ನಂಬರು ಹೇಳುವವರು. ಆ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ನಾನು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ.

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಚಹಾದ ಕಪ್ಪು ಇವರ ಕೈಯಿಂದ ಜಾರಿತು. ಬಾಯಿ ಒಂದು ಕಡೆ ವಾಲಿತು. ನಾನು ನರ್ಸು, ಕಪ್ಪು ನೆಲಕ್ಕೆ ಬೀಳುವ ಮೊದಲೇ ನನಗೆ ತಿಳಿಯಿತು ಲಕ್ವಾ ಹೊಡೆದಿದೆ ಎಂದು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು, ಬರೆಯುವುದೂ ಹೋಯಿತು. ಉಳಿದದ್ದು ‘ಹಾಂ’ ಎಂಬ ಒಂದೇ ಸದ್ದು. ಬೇಡವಾದದ್ದನ್ನು ಎಡಗೈಯಿಂದ ದೂಡುತ್ತಿದ್ದರು. ಬಿ.ಪಿ. ಮೊದಲಿನಿಂದಲೂ ಇತ್ತು, ನಾನೇ ಅಳೆದು ಬರೆಯುತ್ತಿದ್ದೆ. ಬೋಲ್ಟಿನ ಚಿಂತೆಯಿಂದ ಯಾರಿಗೂ ಲಕ್ವಾ ಹೊಡೆಯುವುದಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ! ಒಂದು ಸಲವೂ ನಂಬಿಕೆ ಬರಲಿಲ್ಲ.

ಡಾಕ್ಟರು ಎಡಗೈಗೆ ಏನಾದರೂ ಕೆಲಸ ಕೊಡಿ ಎಂದರು. ನನ್ನನ್ನು ಹೊರಗೆ ಕರೆದು, ‘ನೀವು ತಿಳದೋರು ಇದ್ದೀರಿ ಸಿಸ್ಟರ್. ಇನ್ನೊಂದು ಹೊಡತ ಬಂದ್ರ ತಡಿಯೋದು ಕಠಿಣ ಅದ’ ಎಂದರು. ಮನೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರೆ ಇವರು ಮೊದಲು ಕೈ ಮಾಡಿದ್ದೇ ಆ ರಟ್ಟಿನ ಕಡೆಗೆ. ತೊಡೆಯ ಮೇಲಿಟ್ಟುಕೊಟ್ಟೆ. ಉಳಿದ ನಾಲ್ಕು ಬೋಲ್ಟು ಮುಟ್ಟಿದರು. ಖಾಲಿ ತೂತುಗಳಲ್ಲಿ ಒಂದೊಂದಾಗಿ ಬೆರಳಿಟ್ಟರು. ಹತ್ತನೆಯದು ಮುಗಿದ ಮೇಲೆ ಎಡಗೈಯಿಂದ ತಮ್ಮ ಹಣೆಗೆ ಪಟ್ ಎಂದು ಹೊಡೆದುಕೊಂಡರು. ಮರುದಿನವೂ ಹಾಗೇ. ಅದರ ಮರುದಿನವೂ.

ಅವತ್ತು ನಾನೊಂದು ಲೆಕ್ಕ ಹಾಕಿದೆ. ಹತ್ತೂ ಬೋಲ್ಟು ತಂದು ಆ ತೂತುಗಳನ್ನು ತುಂಬಿಸಬೇಕು. ತುಂಬಿದ ದಿನ ಇವರ ಕಾಲು ಹಿಡಿದು ನಿಜ ಹೇಳಬೇಕು. ಬರಿಗೈಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಉಳಿದ ನಾಲ್ಕರಲ್ಲಿ ಒಂದನ್ನು ಮಾದರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಗಾಂಧಿ ಗಂಜ್ ಪೇಟೆಗೆ ಹೋದೆ. ತೊಗರಿ ಚೀಲ ಹೊತ್ತ ಹಮಾಲರನ್ನು ದಾಟಿ, ಹಗ್ಗ, ಕುಡಗೋಲು, ಬೋಲ್ಟು ಎಲ್ಲ ಮಾರುವ ಅಂಗಡಿ. ಅಂಗಡಿಯವನು, ‘ಸೂತಿಂದೋ ಎಂ.ಎಂ.ದೋ?’ ಎಂದ. ಒಂದು ಇಂಚಿಗೆ ಎಂಟು ಸೂತು. ಹಳೆಯ ಫಟಫಟಿಗಳೆಲ್ಲ ಸೂತಿನ ಅಳತೆಯವು, ಈಗಿನವು ಮಿಲಿಮೀಟರಿನವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಮಾದರಿಯನ್ನು ಅವನ ಮುಂದಿಟ್ಟು ಸುಮ್ಮನೆ ನಿಂತೆ.

‘ಇದು ಎರಡೂವರಿ ಸೂತು ಬಾಯಿ. ಸೂತಿಂದು ಈಗ ಯಾರು ತರ್ತಾರ? ಎಂಟು ಎಂ.ಎಂ. ಒಯ್ರಿ, ಎರಡೂ ಒಂದೇ. ನೋಡ್ರಿ, ದಪ್ಪ ಏನಾರ ಫರಕ್ ಅದ ಏನು? ಮ್ಯಾಲ ಇದು ಸ್ಟೀಲಿಂದು. ಜನ್ಮದಾಗ ಜಂಗು ಹಿಡಿಯಂಗಿಲ್ಲ.’

ಪಕ್ಕಪಕ್ಕ ಇಟ್ಟು ನೋಡಿದೆ. ದಪ್ಪ ಒಂದೇ. ಹೊಸವು ಪೂಜೆಯ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹತ್ತು ತಂದೆ. ದಾರಿಯುದ್ದಕ್ಕೂ ಇವರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡು ಬಂದೆ.

ಇವರು ಹೊಳೆಯುವ ಬೋಲ್ಟೊಂದನ್ನು ಎಡಗೈಯಲ್ಲಿ ಹಿಡಿದು, ಹಳೆಯದನ್ನು ನನ್ನ ಕೈಯಿಂದಲೇ ಅದರ ಮೈಗೆ ಒತ್ತಿ ಹಿಡಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ತಂದರು. ಮೇಲಿನ ಎರಡು ಸುತ್ತು ಒಂದರೊಳಗೊಂದು ಕೂತಿದ್ದವು. ಕೆಳಗೆ ಹೋದ ಹಾಗೆ ಹಲ್ಲಿಗೆ ಹಲ್ಲು ಬಡಿದು ನಡುವೆ ಬೆಳಕು ಕಾಣುತ್ತಿತ್ತು. ಇವರು ಬೋಲ್ಟನ್ನು ದೂಡಿದರು. ಅದು ನೆಲಕ್ಕೆ ಬಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮೇಲಿನ ಸಿಟ್ಟು, ಹಾಯ್ದದ್ದು ಇವರ ಮೇಲೆ. ‘ಬಿಸಲಾಗ ಗಂಜ್ ತನಕ ಹೋಗಿ ತಂದೀನಿ, ಎಲ್ಲಾದಕ್ಕೂ ಒಲ್ಲೆ ಅಂದ್ರ ಹ್ಯಾಂಗ್ರೀ? ನೋಡ್ರಿ, ನಾ ಹಾಕಿ ತೋರಸ್ತೇನಿ!’ ಎಂದು ಇಂಜಿನ್ನಿನ ತೂತಿಗೆ ಬೋಲ್ಟಿಟ್ಟು ತಿರುವಿದೆ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬೆರಳಿಗೆ ಮಣಿಯಲಿಲ್ಲ. ಇವರು ‘ಹಾಂ! ಹಾಂ!’ ಎಂದು ಕುರ್ಚಿಯ ಕೈ ಬಡಿಯತೊಡಗಿದರು. ಇವರು ಎಷ್ಟೋ ವರ್ಷದಿಂದ ಹೇಳುತ್ತಿದ್ದ ಮಾತು ನನಗೆ ಗೊತ್ತಿತ್ತು: ‘ಬೆರಳಿಗಿ ಒಲ್ಲೆ ಅಂದದ್ದಕ್ಕ ಪಾನಾ ಹಚ್ಚಬಾರ್ದು.’ ಗೊತ್ತಿದ್ದೂ ಪಾನಾ, ಅಂದರೆ ಸ್ಪ್ಯಾನರು, ಹಚ್ಚಿದೆ. ಹಿಡಿಕೆಗೆ ಮೈಭಾರ ಹಾಕಿದೆ. ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಏಕಾಏಕಿ ಸಡಿಲಾಗಿ ಗರಗರ ತಿರುಗಿತು. ತೂತಿನ ಒಳಗಿನ ಸುತ್ತುಗಳೇ ಕಿತ್ತು, ಅಲ್ಯೂಮಿನಿಯಮ್ಮಿನ ಎಳೆ ಸುರುಳಿಯಾಗಿ ಹೊರಗೆ ಬಂತು.

ಇವರು ಅತ್ತರು. ಮದುವೆಯಾದ ಇಷ್ಟು ವರ್ಷದಲ್ಲಿ ನಾನು ನೋಡಿದ ಇವರ ಮೊದಲ ಕಣ್ಣೀರು ಅದು. ಅತ್ತೆ ತೀರಿಕೊಂಡಾಗಲೂ ಅತ್ತಿರಲಿಲ್ಲ. ನಾನು ಕೈಯಲ್ಲಿ ಪಾನಾ ಹಿಡಿದುಕೊಂಡು ನೆಲದ ಮೇಲೇ ಕೂತೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಿದ್ದಳು ನನ್ನ ತಾಯಿ. ಎರಡನೆಯ ಸಲವೂ ಅದೇ ಮೂಗನ್ನೇ ಕೊಯ್ದಿದ್ದೆ.

ಇವರು ಗಾಡಿಯ ಕೆಲಸಕ್ಕೆ ಹೋಗುತ್ತಿದ್ದ, ಕಬ್ಬಿಣ ಕಡೆಯುವ ಲೇಥಿನ ಅಂಗಡಿ ಭಾಲ್ಕಿಯಲ್ಲಿತ್ತು. ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ, ಕೆಟ್ಟ ಹೋಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ರಟ್ಟನ್ನು ಬಗಲಲ್ಲಿಟ್ಟು ಬಸ್ಸು ಹತ್ತಿದೆ. ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡಿದ್ದೆ. ಕಂಡಕ್ಟರು ಬಗ್ಗಿ ನೋಡಿ, ‘ಏನ್ರೀ ಬಾಯಿ ಅದು?’ ಎಂದ. ‘ನನ್ನ ಕರ್ಮ ಅದಪ್ಪಾ. ಅದಕ್ಕೂ ಟಿಕೀಟ್ ತಗೋಬೇಕೇನು?’ ಎಂದೆ. ಅವನು ಮುಂದೆ ಹೋದ.

ಲೇಥಿನವರು ಗಡ್ಡಕ್ಕೆ ಮೆಹಂದಿ ಹಚ್ಚಿದ ಮುದುಕರು. ಸೀರೆ ಬಿಚ್ಚಿ ತೂತು ನೋಡಿ, ‘ಯಾ ಅಲ್ಲಾ, ಇದು ಯಾರು ಮಾಡಿದ್ರು?’ ಎಂದರು. ಹೊಳೆಯುವ ಬೋಲ್ಟು ತೋರಿಸಿದೆ. ಅವರು ಒಂದು ಸಣ್ಣ ಬೀಸಣಿಗೆಯಂಥ ವಸ್ತು ತೆಗೆದರು. ತೆಳ್ಳನೆಯ ತಗಡಿನ ಎಲೆಗಳು, ಎಲೆಗೊಂದು ಥರದ ಹಲ್ಲು. ಹಳೆಯ ಬೋಲ್ಟಿನ ಮೈಗೆ ಒಂದೊಂದೇ ಎಲೆ ಹಚ್ಚಿ ನೋಡುತ್ತ ಹೇಳಿದರು:

‘ದಪ್ಪ ನೋಡಿ ಬೋಲ್ಟ್ ತರಬಾರ್ದು ಬಾಯಿ. ಇದರ ಮೈ ಮ್ಯಾಲಿನ ಚೂಡಿ ಎಣಿಸಬೇಕು. ಇಂಚಿಗಿ ಎಷ್ಟು ಸುತ್ತು, ಅದು ನೋಡಬೇಕು. ನಿಮ್ಮ ಗಾಡಿದು ಇಂಚಿಗಿ ಹದಿನೆಂಟು. ಎಂ.ಎಂ.ದು ಇಪ್ಪತ್ತರ ಮ್ಯಾಲ. ಎರಡು ಸುತ್ತು ದೋಸ್ತಿ ಮಾಡ್ತದ, ಮೂರನೇದಕ್ಕ ಕುತ್ತಿಗಿ ಹಿಡೀತದ. ಮತ್ತ ಚಮಕ್ ನೋಡಿ ಮರುಳಾಗಬ್ಯಾಡ್ರಿ. ಈ ಚಮಕ್ಕಿಂದು ಇಂಜಿನ್ ಒಳಗ ತಾಕತ್ತಿನ ಜಾಗಾದಾಗ ನಡಿಯಂಗಿಲ್ಲ.’

ತೂತನ್ನು ದೊಡ್ಡದು ಮಾಡಿ, ಒಳಗೊಂದು ಬುಷ್ ಎಂಬ ಲೋಹದ ಕೊಳವೆ ಕೂರಿಸಿ, ಹೊಸದಾಗಿ ಚೂಡಿ ಕೊರೆದುಕೊಡುತ್ತೇನೆ ಎಂದರು. ಆಮೇಲೆ ರಟ್ಟು ನೋಡಿದರು. ಖಾಲಿ ತೂತುಗಳನ್ನು ನೋಡಿದರು.

‘ಮಾಸ್ತರ್ ಸಾಬ್ ಬೋಲ್ಟ್ ಕಳಕೊಳ್ಳೋ ಮನುಷ್ಯಾ ಅಲ್ಲಲ್ರಿ. ಹತ್ತು ಹ್ಯಾಂಗ ಹೋದವು?’

ಗಂಡನಿಗೆ ಹೇಳಲಾಗದ್ದನ್ನು ಆ ಮುದುಕರಿಗೆ ಹೇಳಿದೆ. ಡೀಸೆಲ್ಲು, ಬಳ್ಳೊಳ್ಳಿ, ಖಾರ, ಚೀಟಿ, ಬೀಗದ ಕೈ, ಎಲ್ಲ. ಅವರು ಲೇಥನ್ನು ಬಂದ್ ಮಾಡಿ ಕೇಳಿದರು. ಎಲ್ಲ ಕೇಳಿ, ‘ಮೊದಲ ಅವರಿಗಿ ಹೇಳ್ರಿ ಬಾಯಿ. ಬೋಲ್ಟ್ ಆಮ್ಯಾಲ’ ಎಂದರು.

‘ಹತ್ತೂ ಸಿಕ್ಕ ದಿನ ಹೇಳ್ತೇನಿ.’

‘ಸಿಗದಿದ್ರ?’

ನಾನು ರಟ್ಟನ್ನು ಬಗಲಿಗಿಟ್ಟುಕೊಂಡು ಎದ್ದೆ. ಅವರು ಲೇಥನ್ನು ಮತ್ತೆ ಚಾಲೂ ಮಾಡಿದರು.

ಯಾವ ತೂತಿಗೆ ಎಷ್ಟು ಉದ್ದದ ಬೋಲ್ಟು ಎಂಬುದು ಇನ್ನೊಂದು ತಲೆನೋವು. ಗಿಡ್ಡದಾದರೆ ಎರಡೇ ಸುತ್ತಿಗೆ ಹಿಡಿದು ಕಿತ್ತು ಬರುತ್ತದೆ. ಉದ್ದದ್ದಾದರೆ ತಳಕ್ಕೆ ಬಡಿದು ಇಂಜಿನ್ನೇ ಸೀಳುತ್ತದೆ. ಸರಿಮಾಡಿದ ಹೋಳು ಮನೆಗೆ ಬಂದ ಮೇಲೆ ಅದಕ್ಕೆ ನನ್ನ ನರ್ಸಿನ ಕೈ ಕೆಲಸಕ್ಕೆ ಬಂತು. ಗಾಯದ ಆಳ ನೋಡುವ ಹಾಗೆ, ಊದುಬತ್ತಿಯ ಬರೀ ಕಡ್ಡಿಯನ್ನು ಒಂದೊಂದು ತೂತಿನೊಳಗೂ ಮೆಲ್ಲಗೆ ಇಳಿಸಿ, ತಳ ಮುಟ್ಟಿದಲ್ಲಿ ಕುಂಕುಮದ ಗುರುತು ಹಾಕಿ, ಕಡ್ಡಿಗೆ ನಂಬರು ಕಟ್ಟಿದೆ. ಇವರು ಕುರ್ಚಿಯಿಂದ ನೋಡುತ್ತಿದ್ದರು. ಎರಡನೆಯ ಕಡ್ಡಿ ಇಳಿಸುವಾಗ ತೂತಿನಲ್ಲಿ ಕಸವಿದೆ, ಮೊದಲು ತೆಗೆ ಎಂದು ಬೆರಳು ಮಾಡಿ ತೋರಿಸಿದರು. ತೆಗೆದು ನೋಡಿದರೆ ಕಡ್ಡಿ ಇನ್ನೊಂದು ಸೂತು ಒಳಗೆ ಹೋಯಿತು. ಈ ತಲೆ ಕೆಟ್ಟಿದೆಯೆಂದು ಇವರೇ ನಂಬಿದ್ದರಲ್ಲ!

ಲೇಥಿನವರು ತಮ್ಮ ಹಳೆಯ ಡಬ್ಬಿಗಳನ್ನೆಲ್ಲ ಸುರಿದು ಆರು ಬೋಲ್ಟು ಹುಡುಕಿಕೊಟ್ಟರು. ಮೂರನ್ನು ಗಟ್ಟಿ ಉಕ್ಕಿನಲ್ಲಿ ತಾವೇ ಕಡೆದರು. ಒಂದೊಂದು ಸಿಕ್ಕಾಗಲೂ ನಾನು ತಂದು ಕೊಟ್ಟರೆ ಇವರು ಎಡಗೈ ಹೆಬ್ಬೆರಳಿನ ಉಗುರನ್ನು ಅದರ ಸುತ್ತುಗಳ ಮೇಲೆ ಎಳೆದು ನೋಡಿ, ‘ಹಾಂ’ ಎಂದು ರಟ್ಟಿನ ತೂತಿಗೆ ತಾವೇ ಚುಚ್ಚುತ್ತಿದ್ದರು. ಕಡೆದದ್ದರಲ್ಲಿ ಒಂದನ್ನು ದೂಡಿದರು. ತಿರುಗಿ ಭಾಲ್ಕಿಗೆ ಒಯ್ದಾಗ ಮುದುಕರು ಎಲೆ ಹಚ್ಚಿ ನೋಡಿ ನಾಲಿಗೆ ಕಚ್ಚಿಕೊಂಡರು. ‘ಮಾಸ್ತರ್ ಕೈಯಿ ನನ್ನ ಕಣ್ಣಿಗಿಂತ ಖರೇ ಅದರಿ’ ಎಂದು ಹೊಸದು ಕಡೆದುಕೊಟ್ಟರು.

ಹತ್ತನೆಯದು ಎಲ್ಲಕ್ಕಿಂತ ಉದ್ದದ್ದು, ಎರಡು ಹೋಳನ್ನೂ ಒತ್ತಿ ಹಿಡಿಯುವಂಥದ್ದು. ಅದನ್ನು ಕಡೆದು ಕೊಡಲು ಅವರು ಒಪ್ಪಲಿಲ್ಲ. ಅಸಲಿ ಕಂಪನಿಯದೇ ಬೇಕು ಎಂದರು. ಔರಾದಿನ ಹತ್ತಿರ ಒಬ್ಬ ರೈತನ ಕೊಟ್ಟಿಗೆಯಲ್ಲಿ ಅದೇ ಜಾತಿಯ ಇಂಜಿನ್ನು ಸತ್ತು ಬಿದ್ದಿದೆ ಎಂದು ಅವರೇ ಪತ್ತೆ ಮಾಡಿದರು. ಹೋದೆ. ರೈತ ನನ್ನ ಮುಖ ನೋಡಿ, ‘ಚಿಂತಾಕಿ ಬಾಯಿ ಅಲ್ಲೇನ್ರೀ? ನನ್ನ ಮಗಳು ನಿಮ್ಮ ಕೈಯಾಗ ಹುಟ್ಯಾಳ್ರಿ’ ಎಂದು ತಾನೇ ಪಾನಾ ತಂದು ಆ ಬೋಲ್ಟು ಬಿಚ್ಚಿಕೊಟ್ಟ. ಚಹಾ ಕುಡಿಸಿಯೇ ಕಳಿಸಿದ.

ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಯಾರು ಕಂಡರು ಗೊತ್ತೇ? ಆ ಬಳ್ಳೊಳ್ಳಿಯವನು. ಕೈಗಾಡಿಯ ಮುಂದೆ ಕೂತಿದ್ದ. ಮನಸ್ಸು ತಡೆಯದೆ ಕೇಳಿದೆ. ಅವನು ನಕ್ಕ. ‘ಅಕ್ಕಾ, ಆ ಲೋಖಂಡ ಯಾವಾಗೋ ಕರಗಿ ಸ್ಲ್ಯಾಬಿನ ಸಳಿ ಆಗಿ ಯಾರದೋ ಮನಿ ಛತ್ತಿನಾಗ ಕುಂತಿರ್ತದ. ಬಳ್ಳೊಳ್ಳಿ ಛಲೋ ಅವ, ಕೊಡಲೇನು?’

ಮರುದಿನ ಹತ್ತೂ ಬೋಲ್ಟು, ಉಳಿದ ನಾಲ್ಕು, ಹದಿನಾಲ್ಕೂ ರಟ್ಟಿನ ಮೇಲಿದ್ದವು. ಇಂಜಿನ್ನಿನ ಹೋಳುಗಳನ್ನು ಕೂಡಿಸಿಟ್ಟೆ. ಇವರು ಒಂದೊಂದೇ ಬೋಲ್ಟು ತೆಗೆದು ಕೊಡುವುದು, ನಾನು ಬೆರಳಿನಿಂದ ತಿರುವುವುದು. ಎಲ್ಲವೂ ಬೆರಳಿಗೇ ತಲೆಯ ತನಕ ಇಳಿದವು. ಆಮೇಲೆ ಪಾನಾ. ಈ ಕಡೆ ಒಂದು, ಎದುರು ಕಡೆ ಒಂದು, ಸ್ವಲ್ಪ ಸ್ವಲ್ಪವೇ, ಹೊಲಿಗೆ ಹಾಕುವ ಹಾಗೆ. 

ಉದ್ದನೆಯ ಬೋಲ್ಟು ಕೊನೆಗೆ ಕೂತಿತು. ನಾನು ಪಾನಾ ಕೆಳಗಿಟ್ಟೆ. ಹೇಳುವ ದಿನ ಇದೇ, ಗಳಿಗೆ ಇದೇ. ‘ಏನ್ರೀ’ ಎಂದೆ. ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಷ್ಟೋ ತಿಂಗಳಿನಿಂದ ನೋಡದ ನಗು. ತಮ್ಮ ಹಣೆಯನ್ನು ಬೆರಳಿನಿಂದ ತೋರಿಸಿ, ಇಲ್ಲಿ ಏನೂ ಉಳಿದಿಲ್ಲ ಎನ್ನುವ ಹಾಗೆ ಕೈ ಅಲ್ಲಾಡಿಸಿದರು. ಆಮೇಲೆ ಆ ಬೆರಳಿನಿಂದ ನನ್ನನ್ನು ತೋರಿಸಿ, ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ತಾನು ಕಳೆದದ್ದನ್ನು ಇವಳು ಹುಡುಕಿ ತಂದಳು ಎಂದು.

ಆ ಕೈ ತಲೆಯ ಮೇಲಿರುವಾಗ ನನಗೆ ಹೇಳಲಾಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನೂರಾರು ಬಾಣಂತಿಯರಿಗೆ ಧೈರ್ಯ ಹೇಳಿದ ಬಾಯಿ ಇದು!

ಭಾನುವಾರ ಲೇಥಿನವರು ಭಾಲ್ಕಿಯಿಂದ ಬಂದು ಉಳಿದದ್ದೆಲ್ಲ ಜೋಡಿಸಿ ಅಂಗಳದಲ್ಲಿ ಕಿಕ್ ಹೊಡೆದರು. ನಾಲ್ಕನೆಯ ಕಿಕ್ಕಿಗೆ ಹತ್ತಿಕೊಂಡಿತು. ಅದೇ ಸದ್ದು. ಇವರನ್ನು ಕುರ್ಚಿ ಸಮೇತ ಹೊರಗೆ ತಂದಿದ್ದೆವು. ಇವರು ಎಡಗೈ ಚಾಚಿ ಇಂಜಿನ್ನಿನ ಮಗ್ಗುಲಿಗೆ ಇಟ್ಟು, ಬಿಸಿಯಾಗುವ ತನಕ ತೆಗೆಯಲಿಲ್ಲ. ‘ಹಾಂ, ಹಾಂ’ ಎನ್ನುತ್ತಲೇ ಇದ್ದರು. ಮುದುಕರು ಹೊಗೆಯ ಆಚೆಯಿಂದ ನನ್ನನ್ನು ನೋಡಿದರು. ಹೇಳಿದಿರಾ ಎಂದು ಕಣ್ಣಲ್ಲೇ ಕೇಳಿದರು. ನಾನು ನೆಲ ನೋಡಿದೆ.

ಆಮೇಲೆ ಹದಿನೆಂಟು ನಾಳೆ ಬಂದು ಹೋದವು. ಹತ್ತೊಂಬತ್ತನೆಯ ಬೆಳಿಗ್ಗೆ ಹಲ್ಲುಜ್ಜಿಸುವಾಗ ಇವರು ನನ್ನ ತೋಳಿನ ಮೇಲೇ ವಾಲಿದರು. ಆಂಬ್ಯುಲೆನ್ಸು ಬರುವುದರೊಳಗೆ ಮುಗಿದಿತ್ತು.

ತಿಥಿಯೆಲ್ಲ ಮುಗಿದ ಮೇಲೆ ಇವರ ಅಂಗಿಗಳನ್ನು ಮಡಿಸುತ್ತಿದ್ದೆ. ದೀಪಾವಳಿಯಲ್ಲಿ ಹಾಕಿದ್ದ ಬೂದು ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಇವರದೇ ದುಂಡು ಅಕ್ಷರ, ಇನ್ನೂ ಬಲಗೈ ಇದ್ದಾಗಿನದು. ಬರೆದಿದ್ದರು:

೧. ಬೋಲ್ಟಿನ ಡಬ್ಬಿ ಮನೆಯಲ್ಲಿಲ್ಲ.

೨. ಆಕೆಯನ್ನು ಕೇಳಿದೆ. ನೋಡಿಲ್ಲ ಎಂದಳು.

೩. ಆಕೆ ನನಗೆ ಎಂದೂ ಸುಳ್ಳು ಹೇಳುವವಳಲ್ಲ.

ಆದ್ದರಿಂದ ನಾನೇ ಮರೆತಿದ್ದೇನೆ. ನನ್ನ ತಲೆ ಕೆಡುತ್ತಿದೆ.

ಬಹಳ ಹೊತ್ತು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಕೂತಿದ್ದೆ. ಆಮೇಲೆ ಎದ್ದು, ಮೇಜಿನ ಖಾನೆಯಿಂದ ಇವರ ಕೆಂಪು ಪೆನ್ನು ತೆಗೆದೆ. ಒಣಗಿತ್ತು, ಬಾಯಿಯ ಬಿಸಿ ಗಾಳಿ ಊದಿ ಬರೆಯುವ ಹಾಗೆ ಮಾಡಿಕೊಂಡೆ. ಮೂರನೆಯ ಸಾಲಿನ ಮುಂದೆ ತಪ್ಪು ಎಂದು ಗುರುತು ಹಾಕಿದೆ.